ಮಗುವಿನ ಸ್ಕ್ಯಾನ್‌ನಲ್ಲಿ ಕಲ್ಲು ಬಂದಿದೆ, ಮುಂದೇನು? (ಕಾರಣ, ಪರೀಕ್ಷೆ, ಚಿಕಿತ್ಸೆ: ಎಲ್ಲ ಒಂದೇ ಎಳೆಯಲ್ಲಿ)

ಕಟ್ಟೆ ನಿರ್ವಾಹಕಿ

ಮಕ್ಕಳ ಕಿಡ್ನಿ ಕಲ್ಲಿನ ಬಗ್ಗೆ ಐದಾರು ಎಳೆಗಳಲ್ಲಿ ಒಂದೇ ಪ್ರಶ್ನೆ ಸುತ್ತುತ್ತಿದೆ. ರಿಪೋರ್ಟಿನಲ್ಲಿ "ಎಡ ಕಿಡ್ನಿಯಲ್ಲಿ 4 ಮಿಮೀ ಕಲ್ಲು" ಅಂತ ಬಂದಿದೆ. ಹಾಲು ನಿಲ್ಲಿಸಬೇಕಾ, ಬಾಳೆದಿಂಡಿನ ರಸ ಕೊಡಬಹುದಾ, ಆಪರೇಷನ್ ಬೇಕಾಗುತ್ತಾ? ಉತ್ತರಗಳೂ ಚೂರುಚೂರಾಗಿ ಹರಡಿಹೋಗಿವೆ. ವಿಷಯ ಗೊತ್ತಿರುವವರು ಇಲ್ಲಿ ಬರೆಯಿರಿ. ಲೆಕ್ಕ ಬಂದಲ್ಲೆಲ್ಲ 7 ವರ್ಷದ, 20 ಕೆಜಿ ತೂಕದ ಮಗುವನ್ನು ಇಟ್ಟುಕೊಳ್ಳೋಣ. ಇಲ್ಲಿನ ಡೋಸ್‌ಗಳು ಡಾಕ್ಟರ ಚೀಟಿಯನ್ನು ಅರ್ಥಮಾಡಿಕೊಳ್ಳುವುದಕ್ಕೆ, ಚೀಟಿಯಿಲ್ಲದೆ ಔಷಧಿ ಕೊಡುವುದಕ್ಕಲ್ಲ. ಆಸ್ಪತ್ರೆಗಳ ಹೆಸರು, ಸ್ವಂತ ಅನುಭವದ ಕಥೆ ಬೇಡ.

ನೆಫ್ರಾನ್

ಮೊದಲು ಕಾಯಲಾಗದ ಸಂಗತಿಗಳನ್ನು ಹೇಳಿಬಿಡುತ್ತೇನೆ. ಕಲ್ಲು ಇದೆ ಎಂದು ಗೊತ್ತಿರುವ ಮಗುವಿಗೆ ಚಳಿಜ್ವರ ಬಂದರೆ, ಎಂಟು-ಹತ್ತು ಗಂಟೆ ಮೂತ್ರವೇ ಆಗದಿದ್ದರೆ, ವಾಂತಿಯಿಂದ ಹೊಟ್ಟೆಯಲ್ಲಿ ಏನೂ ನಿಲ್ಲದಿದ್ದರೆ, ಅಥವಾ ಇರುವುದೇ ಒಂದು ಕಿಡ್ನಿಯಾಗಿದ್ದು ನೋವು ಶುರುವಾದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಕಲ್ಲು ದಾರಿ ಕಟ್ಟಿದೆ, ಅದರ ಹಿಂದೆ ಸೋಂಕಿನ ಮೂತ್ರ ನಿಂತಿದೆ ಎಂದಾದರೆ ಬರೀ ಆಂಟಿಬಯಾಟಿಕ್ ಸಾಲದು. ಕಟ್ಟಿಕೊಂಡ ಮೂತ್ರವನ್ನು ಸ್ಟೆಂಟ್ (ಯುರೇಟರಿನ ದಾರಿ ತೆರೆದಿಡುವ ತೆಳು ಕೊಳವೆ) ಹಾಕಿಯೋ ಬೆನ್ನಿನಿಂದ ಕಿಡ್ನಿಗೆ ಸಣ್ಣ ಕೊಳವೆ ಇಳಿಸಿಯೋ ಹೊರಗೆ ಬಿಡಬೇಕು. ಕಲ್ಲು ತೆಗೆಯುವ ಮಾತು ಸೋಂಕು ಇಳಿದ ಮೇಲೆ.

ಇನ್ನು ಕಾರಣ. ದೊಡ್ಡವರಲ್ಲಿ ಕಲ್ಲು ಬಂದರೆ ನೀರು ಕಡಿಮೆ, ಉಪ್ಪು ಜಾಸ್ತಿ ಎಂದು ಹೇಳಿ ಕಳಿಸುವುದು ರೂಢಿ. ಮಕ್ಕಳಲ್ಲಿ ಹಾಗೆ ಕೈತೊಳೆದುಕೊಳ್ಳಬಾರದು. ಸರಿಯಾಗಿ ಹುಡುಕಿದರೆ ಅರ್ಧಕ್ಕರ್ಧ ಮಕ್ಕಳಲ್ಲಿ, ಕೆಲವು ಕಡೆ ಅದಕ್ಕಿಂತಲೂ ಹೆಚ್ಚು ಮಕ್ಕಳಲ್ಲಿ, ಮೂತ್ರದ ರಾಸಾಯನಿಕದಲ್ಲೇ ಏನಾದರೊಂದು ಏರುಪೇರು ಸಿಗುತ್ತದೆ: ಕ್ಯಾಲ್ಸಿಯಂ ಹೆಚ್ಚು, ಸಿಟ್ರೇಟ್ (ಕಲ್ಲು ಕಟ್ಟದಂತೆ ತಡೆಯುವ ಅಂಶ) ಕಡಿಮೆ, ಆಕ್ಸಲೇಟ್ (ಕ್ಯಾಲ್ಸಿಯಂ ಜೊತೆ ಸೇರಿ ಕಲ್ಲಾಗುವ ಅಂಶ) ಹೆಚ್ಚು, ಸಿಸ್ಟಿನ್ (ಒಂದು ಅಮೈನೋ ಆಮ್ಲ), ಯೂರಿಕ್ ಆಮ್ಲ. ಇನ್ನೊಂದಷ್ಟು ಮಕ್ಕಳಲ್ಲಿ ಹುಟ್ಟಿನಿಂದಲೇ ಮೂತ್ರದ ದಾರಿ ಕಿರಿದಾಗಿರುತ್ತದೆ. ಅಲ್ಲಿ ಮೂತ್ರ ನಿಲ್ಲುತ್ತದೆ, ನಿಂತದ್ದು ಕಲ್ಲಾಗುತ್ತದೆ. ಪದೇ ಪದೇ ಬರುವ ಸೋಂಕು ಮೂರನೆಯದು. ಎರಡು ಕಾರಣ ಒಟ್ಟಿಗಿರುವುದೂ ಅಪರೂಪವಲ್ಲ, ಹಾಗಾಗಿ ಒಂದು ಸಿಕ್ಕಿತು ಅಂತ ಹುಡುಕಾಟ ನಿಲ್ಲಿಸಬೇಡಿ.

ಪುಟ್ಟ ಮಕ್ಕಳಲ್ಲಿ ಸೊಂಟದಿಂದ ತೊಡೆಗೆ ಇಳಿಯುವ ಆ ಪ್ರಸಿದ್ಧ ನೋವು ಕಾಣುವುದೇ ಕಡಿಮೆ. ಕಾರಣವಿಲ್ಲದ ಅಳು, ಹೊಕ್ಕುಳ ಸುತ್ತ ನೋವು, ವಾಂತಿ, ಚಹಾ ಬಣ್ಣದ ಮೂತ್ರ, ಮರುಕಳಿಸುವ ಮೂತ್ರದ ಸೋಂಕು, ಇಷ್ಟೇ ಇರಬಹುದು. ಹುಡುಗ ಮೂತ್ರ ಮಾಡುವಾಗ ಧಾರೆ ಥಟ್ಟನೆ ನಿಂತು ಶಿಶ್ನವನ್ನು ಎಳೆದುಕೊಂಡು ಅಳುತ್ತಾನೆ ಎಂದರೆ ಮೂತ್ರಕೋಶದಲ್ಲೋ ಮೂತ್ರದ ದ್ವಾರದ ಹತ್ತಿರವೋ ಕಲ್ಲಿದೆಯೇ ಎಂದು ನೋಡಲೇಬೇಕು.

ಸೋನೋ ಶಿವಮೊಗ್ಗ

4 ಮಿಮೀ ಎಂಬುದರ ಬಗ್ಗೆ ಒಂದು ಮಾತು. ಅಲ್ಟ್ರಾಸೌಂಡ್‌ನಲ್ಲಿ ಕಲ್ಲೆಂದರೆ ಬಿಳಿ ಚುಕ್ಕೆ, ಅದರ ಹಿಂದೆ ಕಪ್ಪು ನೆರಳು. ಕಲರ್ ಡಾಪ್ಲರ್ ಹಾಕಿದರೆ ಕಲ್ಲಿನ ಹಿಂದೆ ಬಣ್ಣಗಳು ಮಿನುಗುತ್ತವೆ. ನೆರಳೂ ಇಲ್ಲ, ಮಿನುಗೂ ಇಲ್ಲ, 2-3 ಮಿಮೀ ಬಿಳಿ ಚುಕ್ಕೆ ಮಾತ್ರ ಇದೆ ಎಂದರೆ ಅದು ರಕ್ತನಾಳದ ಗೋಡೆಯೂ ಇರಬಹುದು, ಕಿಡ್ನಿಯ ಕೊಬ್ಬೂ ಇರಬಹುದು. ಹೊಟ್ಟೆನೋವಿನ ಮಗುವಿನ ರಿಪೋರ್ಟಿನಲ್ಲಿ "ಎರಡೂ ಕಡೆ ಸಣ್ಣ ಕಾಂಕ್ರೀಷನ್ಸ್" (ಸಣ್ಣ ಕಲ್ಲುಗಳು) ಎಂದು ಬರೆದುಬಿಟ್ಟರೆ ಮನೆಯವರು ವರ್ಷಗಟ್ಟಲೆ ಕಲ್ಲಿನ ಹಿಂದೆ ಓಡುತ್ತಾರೆ. ನಿಜವಾದ ಕಾರಣ ಎಷ್ಟೋ ಸಲ ಮಲಬದ್ಧತೆ.

ಸ್ಕ್ಯಾನ್‌ಗೆ ಮಗುವಿನ ಮೂತ್ರಕೋಶ ತುಂಬಿರಲಿ. ಯುರೇಟರ್ (ಕಿಡ್ನಿಯಿಂದ ಮೂತ್ರಕೋಶಕ್ಕೆ ಇಳಿಯುವ ಕೊಳವೆ) ಕೆಳಗೆ ಸೇರುವ ಜಾಗದಲ್ಲಿ ಸಿಕ್ಕಿಕೊಂಡ ಕಲ್ಲು ತುಂಬಿದ ಮೂತ್ರಕೋಶದ ಮೂಲಕವೇ ಕಾಣುವುದು. ಯುರೇಟರಿನ ನಡುಭಾಗ ಕರುಳಿನ ಗಾಳಿಯಲ್ಲಿ ಮುಚ್ಚಿಹೋಗುವುದರಿಂದ ಅಲ್ಲಿನ ಕಲ್ಲು ಅಲ್ಟ್ರಾಸೌಂಡ್‌ಗೆ ತಪ್ಪಬಹುದು. ಕಿಡ್ನಿ ಊದಿದೆ, ನೋವಿದೆ, ಕಲ್ಲು ಮಾತ್ರ ಕಾಣುತ್ತಿಲ್ಲ ಎಂದಾಗ, ಅಥವಾ ಸರ್ಜರಿಗೆ ನಕ್ಷೆ ಬೇಕಾದಾಗ ಸಿಟಿ. ಅದೂ ಮಕ್ಕಳ ಸೆಟ್ಟಿಂಗ್‌ನ ಕಡಿಮೆ ಡೋಸ್, ಕಾಂಟ್ರಾಸ್ಟ್ ಇಲ್ಲದೆ. "ಮೊದಲೇ ಸಿಟಿ ಮಾಡಿಸಿಬಿಡೋಣ" ಎಂಬ ಅವಸರ ಮಕ್ಕಳಲ್ಲಿ ಬೇಡ. ಮುಂದೆ ಪ್ರತಿ ತಪಾಸಣೆಗೂ ಅಲ್ಟ್ರಾಸೌಂಡೇ ಸಾಕು.

ಯೂರಿಕ್ ಆಮ್ಲದ ಕಲ್ಲು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಎಕ್ಸ್‌ರೇ ಕ್ಲಿಯರ್ ಇದೆ, ಆದ್ದರಿಂದ ಕಲ್ಲು ಹೋಗಿದೆ ಎಂದು ತೀರ್ಮಾನಿಸಬೇಡಿ.

ನೆಫ್ರಾನ್

ಪರೀಕ್ಷೆಗಳ ಪಟ್ಟಿ ಹೆದರಿಸುವಷ್ಟು ಉದ್ದವಿಲ್ಲ. ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಕೆಲಸ ಹೇಗಿದೆ ಎಂದು ತೋರಿಸುವ ಅಂಶ), ಸೋಡಿಯಂ, ಪೊಟ್ಯಾಸಿಯಂ, ಬೈಕಾರ್ಬನೇಟ್, ಕ್ಯಾಲ್ಸಿಯಂ, ಫಾಸ್ಫರಸ್, ಮೆಗ್ನೀಸಿಯಂ, ಯೂರಿಕ್ ಆಮ್ಲ, ಆಲ್ಕಲೈನ್ ಫಾಸ್ಫಟೇಸ್. ಕ್ಯಾಲ್ಸಿಯಂ ಹೆಚ್ಚಿದ್ದರೆ ಪಿಟಿಎಚ್ (ಕ್ಯಾಲ್ಸಿಯಂ ಹತೋಟಿಯ ಹಾರ್ಮೋನು) ಮತ್ತು ವಿಟಮಿನ್ ಡಿ. ಮೂತ್ರದಲ್ಲಿ ಸಾಮಾನ್ಯ ಪರೀಕ್ಷೆ, ಕಲ್ಚರ್ (ಸೋಂಕಿನ ಬ್ಯಾಕ್ಟೀರಿಯಾ ಹುಡುಕುವುದು), ಪಿಎಚ್ (ಆಮ್ಲ-ಕ್ಷಾರದ ಅಳತೆ), ಸ್ಪಾಟ್ (ಒಂದು ಸಲದ ಮೂತ್ರದ) ಕ್ಯಾಲ್ಸಿಯಂ-ಕ್ರಿಯಾಟಿನಿನ್ ಅನುಪಾತ.

ಈ ಅನುಪಾತಕ್ಕೆ ವಯಸ್ಸಿನ ಲೆಕ್ಕವಿದೆ. ಎರಡು ವರ್ಷ ದಾಟಿದ ಮಗುವಿನಲ್ಲಿ 0.2ರ ಒಳಗಿರಬೇಕು (ಎರಡೂ ಮಿಗ್ರಾಂನಲ್ಲಿ). ಆರು ತಿಂಗಳೊಳಗಿನ ಕೂಸಿನಲ್ಲಿ 0.8ರವರೆಗೂ ಸಹಜ. ಹಸುಗೂಸಿನ 0.5ನ್ನು ದೊಡ್ಡವರ ಮಿತಿಗೆ ಹೋಲಿಸಿ ಲ್ಯಾಬ್ ದಪ್ಪಕ್ಷರದಲ್ಲಿ ಮುದ್ರಿಸಿದ್ದನ್ನು ಕಂಡು ಗಾಬರಿಯಾಗುವವರಿದ್ದಾರೆ. 7 ವರ್ಷದ ಮಗುವಿನಲ್ಲಿ ಕ್ಯಾಲ್ಸಿಯಂ 12, ಕ್ರಿಯಾಟಿನಿನ್ 40 ಬಂದರೆ ಅನುಪಾತ 0.3. ಒಂದು ಸ್ಯಾಂಪಲ್ ನಂಬಬೇಡಿ, ಮತ್ತೆ ಮಾಡಿಸಿ. ಆಮೇಲೂ ಹೆಚ್ಚೇ ಇದ್ದರೆ 24 ಗಂಟೆಯ ಮೂತ್ರ. ಅದರಲ್ಲಿ ದಿನಕ್ಕೆ ಕೆಜಿಗೆ 4 ಮಿಗ್ರಾಂ ದಾಟಿದರೆ, ಅಂದರೆ 20 ಕೆಜಿ ಮಗುವಿನಲ್ಲಿ 80 ಮಿಗ್ರಾಂ ದಾಟಿದರೆ, ಕ್ಯಾಲ್ಸಿಯಂ ಸೋರಿಕೆ ಖಚಿತ.

ಲ್ಯಾಬ್ ಮೇಷ್ಟ್ರು

24 ಗಂಟೆಯ ಮೂತ್ರ ಹತ್ತರಲ್ಲಿ ನಾಲ್ಕು ಸಲ ಹಾಳಾಗುವುದು ಲ್ಯಾಬಿನಲ್ಲಲ್ಲ, ಮನೆಯಲ್ಲಿ ಅಂತ ನಾವು ತಮಾಷೆಗೆ ಹೇಳುವುದುಂಟು. ವಿಧಾನ ಹೀಗೆ. ಭಾನುವಾರ ಬೆಳಗ್ಗೆ ಎದ್ದಾಗಿನ ಮೊದಲ ಮೂತ್ರವನ್ನು ಟಾಯ್ಲೆಟ್ಟಿಗೆ ಬಿಡಿ, ಹೊತ್ತು ಬರೆದಿಡಿ. ಅಲ್ಲಿಂದಾಚೆ ಒಂದು ಹನಿಯೂ ಬಿಡದೆ ಎಲ್ಲವೂ ಕ್ಯಾನಿಗೆ. ಸೋಮವಾರ ಅದೇ ಹೊತ್ತಿಗೆ ಆಗುವ ಮೊದಲ ಮೂತ್ರವೂ ಕ್ಯಾನಿಗೆ, ಅಲ್ಲಿಗೆ ಮುಗಿಯಿತು. ಎರಡಕ್ಕೆ ಕೂತಾಗ ಹೋಗುವ ಮೂತ್ರವೇ ಹೆಚ್ಚಾಗಿ ತಪ್ಪಿಹೋಗುವುದು, ಆದ್ದರಿಂದ ಮೊದಲು ಒಂದಕ್ಕೆ ಮಾಡಿಸಿ ಆಮೇಲೆ ಕೂರಿಸಿ. ರಜೆಯ ದಿನ ಆರಿಸಿದರೆ ಶಾಲೆಯ ತೊಂದರೆ ಇಲ್ಲ. ಅವತ್ತು ಮಾತ್ರ ವಿಶೇಷವಾಗಿ ನೀರು ಕುಡಿಸಬೇಡಿ, ದಿನನಿತ್ಯದ ಊಟ, ದಿನನಿತ್ಯದ ನೀರು ಇರಲಿ. ಡ್ರಿಪ್ ಹಾಕಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿರುವಾಗ, ಸೋಂಕು ಇರುವಾಗ ಈ ಪರೀಕ್ಷೆ ಮಾಡಿಸಿ ಪ್ರಯೋಜನವಿಲ್ಲ. ಕಲ್ಲು ಹೋಗಿ ನಾಲ್ಕಾರು ವಾರ ಕಳೆಯಲಿ.

ಕ್ಯಾಲ್ಸಿಯಂ, ಆಕ್ಸಲೇಟ್‌ಗೆ ಕ್ಯಾನಿನಲ್ಲಿ ಆಮ್ಲ ಹಾಕಿ ಕೊಡುತ್ತಾರೆ. ಅದಕ್ಕೆ ನೇರವಾಗಿ ಮೂತ್ರ ಮಾಡಿಸಬೇಡಿ, ಚರ್ಮ ಸುಡುತ್ತದೆ. ಮಗ್ಗಿನಲ್ಲಿ ಹಿಡಿದು ಸುರಿಯಿರಿ. ಯೂರಿಕ್ ಆಮ್ಲವನ್ನು ಆ ಕ್ಯಾನಿನಿಂದ ಅಳೆಯುವಂತಿಲ್ಲ, ಆಮ್ಲದಲ್ಲಿ ಅದು ತಳ ಸೇರುತ್ತದೆ.

ಸಂಗ್ರಹ ಪೂರ್ಣವಾಗಿದೆಯೇ ಎಂದು ನೋಡುವುದು ಒಟ್ಟು ಕ್ರಿಯಾಟಿನಿನ್‌ನಿಂದ. ಕೆಜಿಗೆ ಸುಮಾರು 15-20 ಮಿಗ್ರಾಂ, 20 ಕೆಜಿಗೆ 300-400. ರಿಪೋರ್ಟಿನಲ್ಲಿ 150 ಇದ್ದರೆ ಅರ್ಧ ಮೂತ್ರ ಎಲ್ಲೋ ಹೋಗಿದೆ. ಆ ರಿಪೋರ್ಟಿನ ಕ್ಯಾಲ್ಸಿಯಂ ನಾರ್ಮಲ್ ಎಂದು ಖುಷಿಪಡಬೇಡಿ.

ಪಿಎಚ್ ನೋಡಲು ತಾಜಾ ಮೂತ್ರ ಬೇಕು. ಮೂರು ತಾಸು ಡಬ್ಬಿಯಲ್ಲಿ ಕೂತರೆ ಬ್ಯಾಕ್ಟೀರಿಯಾ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ, ಪಿಎಚ್ ಏರುತ್ತದೆ. ಫ್ರಿಜ್‌ನಲ್ಲಿಟ್ಟರೆ ಇಲ್ಲದ ಹರಳು ಹುಟ್ಟುತ್ತದೆ.

ಇನ್ನೊಂದು, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ: ಕಲ್ಲನ್ನು ಹಿಡಿಯಿರಿ. ನೋವು ಶುರುವಾದ ದಿನದಿಂದ ಮಗು ಮಗ್ಗಿನಲ್ಲೇ ಮೂತ್ರ ಮಾಡಲಿ, ಅದನ್ನು ಟೀ ಸೋಸುವ ಹಳೇ ಜರಡಿಗೆ ಎರಡು ಪದರ ತೆಳು ಮಲ್ ಬಟ್ಟೆ ಹಾಕಿ ಸೋಸಿ. ಸಿಕ್ಕಿದ್ದನ್ನು ನೀರಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಒಣ ಡಬ್ಬಿಯಲ್ಲಿ ಕೊಡಿ. ಫಾರ್ಮಲಿನ್ ಬೇಡ, ಸ್ಪಿರಿಟ್ ಬೇಡ, ಸೆಲ್ಲೋಟೇಪ್ ಅಂಟಿಸಬೇಡಿ, ಅಂಟು ಪರೀಕ್ಷೆಗೆ ಅಡ್ಡ ಬರುತ್ತದೆ. ಇನ್‌ಫ್ರಾರೆಡ್ ವಿಧಾನದಲ್ಲಿ (ಎಫ್‌ಟಿಐಆರ್) ವಿಶ್ಲೇಷಣೆ ಮಾಡುವ ಲ್ಯಾಬ್ ಕೇಳಿ. ಹಳೆಯ ರಾಸಾಯನಿಕ ವಿಧಾನ "ಕ್ಯಾಲ್ಸಿಯಂ ಇದೆ, ಆಕ್ಸಲೇಟ್ ಇದೆ" ಎಂದಷ್ಟೇ ಹೇಳಿ ಅಪರೂಪದ ಕಲ್ಲುಗಳನ್ನು ತಪ್ಪಿಸುತ್ತದೆ. ಸರ್ಜರಿಯಲ್ಲಿ ತೆಗೆದ ಕಲ್ಲನ್ನು ಡಬ್ಬಿಯಲ್ಲಿ ಹಾಕಿ ನೆನಪಿಗೆ ಅಂತ ಕೊಡುತ್ತಾರಲ್ಲ, ಷೋಕೇಸಿನಲ್ಲಿ ಇಡುವ ವಸ್ತು ಅಲ್ಲ ಅದು.

ಅಕ್ಕಿರೊಟ್ಟಿ

ಮೇಷ್ಟ್ರೇ, ಹತ್ತರಲ್ಲಿ ನಾಲ್ಕು ಅಂತ ಅಂಕಿ ಕೊಟ್ಟರೆ ನಾಳೆ ಯಾರೋ ಅದನ್ನೇ ಅಧ್ಯಯನ ಅಂತ ಫಾರ್ವರ್ಡ್ ಮಾಡ್ತಾರೆ. :)

ಲ್ಯಾಬ್ ಮೇಷ್ಟ್ರು

ತಮಾಷೆ ಅಂತಲೇ ಬರೆದಿದ್ದೀನಲ್ಲಮ್ಮ. ಅಂಕಿ ಮರೆತುಬಿಡಿ, ಮಗ್ಗು ಮರೀಬೇಡಿ.

ಮಾತ್ರೆ ಮಲ್ಲಣ್ಣ

ಔಷಧಿ ಅಂಗಡಿ ಕಡೆಯಿಂದ ಎರಡು ಮಾತು ಹೇಳ್ತೀನ್ರಿ.

ಒಂದು, "ಆಲ್ಕಲೈಸರ್ ಸಿರಪ್". ಹೆಸರು ಒಂದ, ಒಳಗಿನ ಮಾಲು ಬ್ಯಾರೆ ಬ್ಯಾರೆ. ಡೈಸೋಡಿಯಂ ಹೈಡ್ರೋಜನ್ ಸಿಟ್ರೇಟ್ ಅಂತ ಇದ್ರ ಅದು ಸೋಡಿಯಂ ಉಪ್ಪು. ಉರಿಮೂತ್ರಕ್ಕ ನಾಲ್ಕು ದಿನ ಕೊಡೋದು ಬ್ಯಾರೆ ಮಾತು, ಕಲ್ಲಿಗೆ ತಿಂಗಳಾನುಗಟ್ಟಲೆ ಕೊಡೋದು ಬ್ಯಾರೆ. 5 ಮಿಲಿಯೊಳಗ ಸುಮಾರು 10 ಎಂಇಕ್ಯೂ (ಲವಣ ಅಳಿಯೋ ಮಾಪು) ಸೋಡಿಯಂ ಇರ್ತದ, ದಿನಕ್ಕ ಮೂರು ಸಲ ಕೊಟ್ರ 30. ಸೋಡಿಯಂ ಹೆಚ್ಚಾದಂಗ ಕಿಡ್ನಿ ಕ್ಯಾಲ್ಸಿಯಂನೂ ಹೆಚ್ಚು ಹೊರಗ ಹಾಕ್ತದ. ಕ್ಯಾಲ್ಸಿಯಂ ಕಲ್ಲಿನ ಕೂಸಿಗೆ ಬೇಕಾದ್ದು ಪೊಟ್ಯಾಸಿಯಂ ಸಿಟ್ರೇಟ್. ಲೇಬಲ್ ಮ್ಯಾಲೆ 5 ಮಿಲಿಗೆ ಪೊಟ್ಯಾಸಿಯಂ ಸಿಟ್ರೇಟ್ 1100 ಮಿಗ್ರಾಂ, ಸಿಟ್ರಿಕ್ ಆಸಿಡ್ 334 ಮಿಗ್ರಾಂ ಅಂತಿದ್ರ 1 ಮಿಲಿಗೆ 2 ಎಂಇಕ್ಯೂ ಲೆಕ್ಕ. ಸಾಮಾನ್ಯವಾಗಿ ಕೆಜಿಗೆ ದಿನಕ್ಕ 1-2 ಎಂಇಕ್ಯೂ ಬರೀತಾರ. 20 ಕೆಜಿಗೆ 20ರಿಂದ 40, ಅಂದ್ರ 10ರಿಂದ 20 ಮಿಲಿ, ಎರಡು-ಮೂರು ಪಾಲು ಮಾಡಿ. ಊಟ ಆದ ಮ್ಯಾಲೆ, ಅರ್ಧ ಲೋಟ ನೀರಿಗೆ ಬೆರೆಸಿ ಕುಡಿಸ್ರಿ. ನೀರಿಲ್ಲದ ಹಂಗ ಕುಡಿಸಿದ್ರ ಹೊಟ್ಟೆ ತೊಳಸ್ತದ, ಭೇದಿ ಆಗ್ತದ. ನಿಧಾನಕ್ಕ ಬಿಡುಗಡೆ ಆಗೋ ಮಾತ್ರೆ ಇದ್ರ ಪುಡಿ ಮಾಡಬ್ಯಾಡ್ರಿ.

ಎರಡು, ವಿಟಮಿನ್ ಡಿ. ಒಂದು ವರ್ಷದೊಳಗಿನ ಕೂಸಿಗೆ ದಿನಕ್ಕ 400 ಯೂನಿಟ್ ಸಾಕು. ಮಾರ್ಕೆಟ್ನಾಗ ಡ್ರಾಪ್ಸ್ 1 ಮಿಲಿಗೆ 400ದೂ ಅದ, 800ದೂ ಅದ. ಬಾಟ್ಲಿ ಬದಲಾದ್ರೂ ಡ್ರಾಪರ್ ಅಳತೆ ಅದ ಇಟ್ಕೋತಾರ, ಡಬಲ್ ಹೋಗ್ತದ. ಅದಕ್ಕಿಂತ ಕೆಟ್ಟದ್ದು 60,000 ಯೂನಿಟ್ಟಿನ ಸ್ಯಾಶೆ, ಸಣ್ಣ ಬಾಟ್ಲಿ. ವಾರಕ್ಕ ಒಂದು ಅಂತ ಬರೆದದ್ದನ್ನ ದಿನಾ ಕೊಟ್ಟುಬಿಡ್ತಾರ. ಕೂಸು ವಾಂತಿ ಮಾಡ್ತದ, ಹೊಟ್ಟಿ ಕಟ್ತದ, ಒಂದಕ್ಕೆ ಭಾಳ ಹೋಗ್ತದ, ತೂಕ ಏರೂದಿಲ್ಲ. ಹಿಂಗಿದ್ದಾಗ ರಕ್ತದ ಕ್ಯಾಲ್ಸಿಯಂ ನೋಡಿಸ್ರಿ. ಕಲ್ಲು ಅಂತ ಡಾಕ್ಟರ್ ಹತ್ರ ಹೋದಾಗ ಮನಿಯೊಳಗಿನ ಎಲ್ಲಾ ಬಾಟ್ಲಿ, ಟಾನಿಕ್ ಒಂದು ಚೀಲದಾಗ ಹಾಕ್ಕೊಂಡು ಹೋಗ್ರಿ.

ನೆಫ್ರಾನ್

ಮಲ್ಲಣ್ಣ ಹೇಳಿದ ಚೀಲದ ಮಾತು ಬಹಳ ಬೆಲೆಯದ್ದು. ಕಲ್ಲು ಮಾಡುವ ಇನ್ನೂ ಕೆಲವು ಔಷಧಿಗಳನ್ನು ಸೇರಿಸುತ್ತೇನೆ. ಮೂರ್ಛೆ ರೋಗಕ್ಕೆ ಕೊಡುವ ಟೋಪಿರಮೇಟ್, ಜೋನಿಸಮೈಡ್ ಸಿಟ್ರೇಟನ್ನು ಇಳಿಸುತ್ತವೆ. ಮೂರ್ಛೆಗೇ ಕೊಡುವ ಕೀಟೋಜೆನಿಕ್ (ಕೊಬ್ಬು ಹೆಚ್ಚು, ಅನ್ನ-ಸಕ್ಕರೆ ತೀರಾ ಕಡಿಮೆ) ಆಹಾರವೂ ಕಲ್ಲಿನ ಅಪಾಯ ಹೆಚ್ಚಿಸುತ್ತದೆ, ಎರಡೂ ಸೇರಿದರೆ ಇನ್ನಷ್ಟು ಎಚ್ಚರ ಬೇಕು. ಅವಧಿಗೆ ಮೊದಲೇ ಹುಟ್ಟಿದ ಶಿಶುಗಳಿಗೆ ದಿನಗಟ್ಟಲೆ ಫ್ಯೂರೋಸಮೈಡ್ (ಮೂತ್ರ ಹೆಚ್ಚಿಸುವ ಔಷಧಿ) ಕೊಟ್ಟಿದ್ದರೆ ಕಿಡ್ನಿಯಲ್ಲಿ ಸುಣ್ಣ ಕೂರುತ್ತದೆ. ಸೆಫ್‌ಟ್ರಯಾಕ್ಸೋನ್ ಇಂಜೆಕ್ಷನ್ (ಒಂದು ಆಂಟಿಬಯಾಟಿಕ್) ಕ್ಯಾಲ್ಸಿಯಂ ಜೊತೆ ಸೇರಿ ಹರಳಾಗುತ್ತದೆ, ಆದರೆ ಅದು ಬಹುಪಾಲು ಔಷಧಿ ನಿಲ್ಲಿಸಿದ ಮೇಲೆ ತಾನೇ ಕರಗುತ್ತದೆ. ಮೂರ್ಛೆಯ ಮಾತ್ರೆಯನ್ನು ಕಲ್ಲಿನ ಹೆದರಿಕೆಗೆ ನೀವೇ ನಿಲ್ಲಿಸಬೇಡಿ, ಫಿಟ್ಸ್ ಬಂದರೆ ಅದು ಕಲ್ಲಿಗಿಂತ ದೊಡ್ಡ ಗಂಡಾಂತರ.

ಸಿಟ್ರೇಟ್ ಕೊಡುವಾಗ ಮೂತ್ರದ ಪಿಎಚ್ 6.5ರಿಂದ 7 ಇರಲಿ. 7.5 ದಾಟಿಸಿದರೆ ಕ್ಯಾಲ್ಸಿಯಂ ಫಾಸ್ಫೇಟ್ ಕಲ್ಲಿಗೆ ನಾವೇ ದಾರಿ ಮಾಡಿಕೊಟ್ಟಂತೆ. ಕಿಡ್ನಿ ಕೆಲಸ ಕುಗ್ಗಿರುವ ಮಗುವಿಗೆ ಪೊಟ್ಯಾಸಿಯಂ ಅಪಾಯ, ರಕ್ತಪರೀಕ್ಷೆ ಇಲ್ಲದೆ ಶುರುಮಾಡುವಂತಿಲ್ಲ.

ಬಯಲುಸೀಮೆ

ಎಲ್ಲ ಸರಿ, ಆದರೆ ಮೂಲ ಕಾರಣ ಬೋರ್‌ವೆಲ್ ನೀರಲ್ಲವೇ? ನಮ್ಮ ಕಡೆ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವುದನ್ನು ನೋಡಿದರೆ ಕಿಡ್ನಿಯ ಗತಿ ಏನೆಂದು ಗೊತ್ತಾಗುತ್ತದೆ. ಆರ್‌ಒ ಹಾಕಿಸಿದರೆ ಅರ್ಧ ಸಮಸ್ಯೆ ಮುಗಿಯಿತು.

ಅಕ್ಕಿರೊಟ್ಟಿ

ಇಲ್ಲ ಸರ್. ಪಾತ್ರೆಯ ತಳದ ಪದರ ಕ್ಯಾಲ್ಸಿಯಂ ಕಾರ್ಬನೇಟ್. ಮಕ್ಕಳ ಕಲ್ಲು ಹೆಚ್ಚಾಗಿ ಕ್ಯಾಲ್ಸಿಯಂ ಆಕ್ಸಲೇಟ್. ಮನುಷ್ಯರ ಕಿಡ್ನಿಯಲ್ಲಿ ಕಾರ್ಬನೇಟ್ ಕಲ್ಲು ಇಲ್ಲವೆನ್ನುವಷ್ಟು ಅಪರೂಪ. ಲೆಕ್ಕ ಹಾಕಿ ನೋಡಿ: ಕುಡಿಯುವ ನೀರಿನ ಗಡಸುತನಕ್ಕೆ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಮಿತಿ ಲೀಟರಿಗೆ 200 ಮಿಗ್ರಾಂ, ಬೇರೆ ಮೂಲ ಇಲ್ಲದಿದ್ದರೆ 600. 200 ಗಡಸಿನ ನೀರಿನಲ್ಲಿ ಅಷ್ಟೂ ಕ್ಯಾಲ್ಸಿಯಂನದೇ ಅಂದುಕೊಂಡರೂ ಲೀಟರಿಗೆ 80 ಮಿಗ್ರಾಂ ಕ್ಯಾಲ್ಸಿಯಂ. ಒಂದು ಲೋಟ, 200 ಮಿಲಿ ಹಸುವಿನ ಹಾಲಿನಲ್ಲಿ ಸುಮಾರು 240. ಹಾಲು ಬಿಡಬೇಡಿ ಎಂದು ಹೇಳುತ್ತಾ ನೀರಿನ ಕ್ಯಾಲ್ಸಿಯಂಗೆ ಹೆದರುವುದರಲ್ಲಿ ಅರ್ಥವಿಲ್ಲ. ನೀರು ಸಪ್ಪೆ, ಉಪ್ಪುಪ್ಪು ಅಂತ ಮಗು ಕುಡಿಯುವುದನ್ನೇ ಕಡಿಮೆ ಮಾಡುತ್ತಿದ್ದರೆ ಆಗ ಆರ್‌ಒ ಹಾಕಿಸಿ. ಫ್ಲೋರೈಡ್, ನೈಟ್ರೇಟ್ ಹೆಚ್ಚಿರುವ ಊರುಗಳಲ್ಲೂ ಹಾಕಿಸಿ, ಅದು ಬೇರೆಯದೇ ಕಾರಣಕ್ಕೆ.

ಹಾಲಿನ ಮಾತು ಬಂತಲ್ಲ. ಕಲ್ಲು ಕ್ಯಾಲ್ಸಿಯಂನದು, ಹಾಗಾಗಿ ಹಾಲು, ಮೊಸರು, ರಾಗಿ ಬಂದ್ ಎಂಬುದು ಮಕ್ಕಳ ವಿಷಯದಲ್ಲಿ ನಡೆಯುವ ದೊಡ್ಡ ಅನ್ಯಾಯ. ಊಟದ ಜೊತೆ ಹೋದ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಮಲದಲ್ಲಿ ಹೊರಹಾಕುತ್ತದೆ. ಕ್ಯಾಲ್ಸಿಯಂ ತೆಗೆದರೆ ಆಕ್ಸಲೇಟ್ ಆರಾಮಾಗಿ ರಕ್ತಕ್ಕೆ, ಅಲ್ಲಿಂದ ಮೂತ್ರಕ್ಕೆ. ಮೇಲಿಂದ ಮಗುವಿನ ಎಲುಬು ಸೊರಗುತ್ತದೆ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರ ಪ್ರಕಾರ 7-9 ವರ್ಷದ ಮಗುವಿಗೆ ದಿನಕ್ಕೆ 650 ಮಿಗ್ರಾಂ ಕ್ಯಾಲ್ಸಿಯಂ ಬೇಕು. ಎರಡು ಲೋಟ ಹಾಲು-ಮಜ್ಜಿಗೆ, ಒಂದು ಹೊತ್ತು ರಾಗಿ, ಅಲ್ಲಿಗೆ ಹೆಚ್ಚುಕಡಿಮೆ ಮುಟ್ಟುತ್ತದೆ. ರಾಗಿಮುದ್ದೆಯ ಜೊತೆ ಮಜ್ಜಿಗೆ ಇರಲಿ. ಕ್ಯಾಲ್ಸಿಯಂ ಮಾತ್ರೆಯನ್ನು ಮಾತ್ರ ಡಾಕ್ಟರ್ ಹೇಳದೆ ಖಾಲಿ ಹೊಟ್ಟೆಗೆ ಕೊಡಬೇಡಿ.

ಕಡಿಮೆ ಮಾಡಬೇಕಾದ್ದು ಉಪ್ಪು. 20 ಕೆಜಿ ಮಗುವಿಗೆ ಇಡೀ ದಿನಕ್ಕೆ ಅರ್ಧ ಟೀ ಚಮಚ, ಸುಮಾರು 3 ಗ್ರಾಂ. ಸಾರು ಪಲ್ಯದಲ್ಲೇ ಅದು ಮುಗಿದಿರುತ್ತದೆ. ಆಮೇಲೆ ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಚಿಪ್ಸ್, ಪ್ಯಾಕೆಟ್ ನೂಡಲ್ಸ್ ಎಲ್ಲ ಮೇಲಿನದು. ಬೇಸಿಗೆ ಎಂದು ದಿನವೂ ಓಆರ್‌ಎಸ್ ಕುಡಿಸುವ ಅಭ್ಯಾಸವನ್ನೂ ಬಿಡಿ. ಲೀಟರ್ ಓಆರ್‌ಎಸ್‌ನಲ್ಲಿ 75 ಎಂಇಕ್ಯೂ ಸೋಡಿಯಂ ಇದೆ, ನಾಲ್ಕು ಗ್ರಾಂಗಿಂತ ಹೆಚ್ಚು ಉಪ್ಪಿಗೆ ಸಮ. ಅದು ವಾಂತಿ-ಭೇದಿಯ ಔಷಧಿ, ಶರಬತ್ತಲ್ಲ.

ನೀರಿನ ಲೆಕ್ಕ: ಒಂದು ವರ್ಷದೊಳಗಿನ ಕೂಸಿಗೆ ಹಾಲೂ ಸೇರಿ ದಿನಕ್ಕೆ ಕನಿಷ್ಠ 750 ಮಿಲಿ, 5 ವರ್ಷದವರೆಗೆ 1 ಲೀಟರ್, 10ರವರೆಗೆ ಒಂದೂವರೆ, ಆಮೇಲೆ 2 ಲೀಟರ್. ಇದು ಕಲ್ಲಿನ ಮಕ್ಕಳಿಗೆ ಕನಿಷ್ಠ. ಏಪ್ರಿಲ್-ಮೇ ತಿಂಗಳ ರಾಯಚೂರು, ಕಲಬುರಗಿಯಲ್ಲಿ ಇದಕ್ಕಿಂತ ಹೆಚ್ಚು. ಎಳೆಗೂಸಿಗೆ ಬರೀ ನೀರನ್ನು ನೀವೇ ಶುರುಮಾಡಬೇಡಿ. ಅಳತೆಗಿಂತ ಮೂತ್ರದ ಬಣ್ಣ ನೋಡುವುದು ಸುಲಭ, ತಿಳಿಹಳದಿಯೋ ನೀರಿನ ಬಣ್ಣವೋ ಇರಬೇಕು. ರಾತ್ರಿ ಮಲಗುವ ಮುಂಚೆ ಒಂದು ಲೋಟ ಕುಡಿಸಿ, ಮೂತ್ರ ಅತಿ ಗಟ್ಟಿಯಾಗುವುದು ರಾತ್ರಿಯೇ.

ಸೋನೋ ಶಿವಮೊಗ್ಗ

ಶಾಲೆಯ ಟಾಯ್ಲೆಟ್ ಸೇರಿಸಿ ಮೇಡಂ. ಹೆಣ್ಣುಮಕ್ಕಳು ಬೆಳಗ್ಗೆ 8ರಿಂದ ಸಂಜೆ 4ರವರೆಗೆ ನೀರು ಮುಟ್ಟದಿರುವುದಕ್ಕೆ ಅದೇ ಕಾರಣ. 2019ರಲ್ಲಿ ಕೇರಳ, ಕರ್ನಾಟಕದ ಶಾಲೆಗಳಿಗೆ "ವಾಟರ್ ಬೆಲ್" ಬಂತು, ಆದರೆ ಕುಡಿಯುವ ಗಂಟೆ ಹೊಡೆದು ಟಾಯ್ಲೆಟ್ಟಿಗೆ ಬೀಗ ಹಾಕಿದರೆ ಮಗು ಕುಡಿಯುವುದಿಲ್ಲ. ಡಾಕ್ಟರ್ ಹತ್ತಿರ "ಪಾಠದ ನಡುವೆಯೂ ಟಾಯ್ಲೆಟ್ಟಿಗೆ ಬಿಡಬೇಕು" ಎಂದು ಒಂದು ಚೀಟಿ ಬರೆಸಿ ಕ್ಲಾಸ್ ಟೀಚರಿಗೆ ಕೊಡಿ.

ಬಯಲುಸೀಮೆ

ಬೋರ್‌ವೆಲ್ ಬಗ್ಗೆ ಒಪ್ಪಿದೆ. ಬಾಳೆದಿಂಡು, ಹುರುಳಿ ಕಟ್ಟು, ಕಾಡುಬಸಳೆ?

ಅಕ್ಕಿರೊಟ್ಟಿ

ಬಾಳೆದಿಂಡಿನ ಪಲ್ಯ, ಹುರುಳಿ ಸಾರು ಊಟವಾಗಿ ಧಾರಾಳ ತಿನ್ನಲಿ. ಅದರಿಂದ ಕಲ್ಲು ಕರಗುತ್ತದೆ ಎನ್ನುವುದಕ್ಕೆ ಮಕ್ಕಳಲ್ಲಿ ನಂಬುವಂಥ ಪುರಾವೆ ಇಲ್ಲ. 3 ಮಿಮೀ ಕಲ್ಲು ತಾನಾಗೇ ಬಿದ್ದುಹೋಗುವುದು ಸಾಮಾನ್ಯ. ಆ ವಾರ ಕುಡಿದ ರಸಕ್ಕೆ ಕೀರ್ತಿ ಸಿಗುತ್ತದೆ. ಕಾಡುಬಸಳೆಯಲ್ಲಿ ಹೃದಯದ ಬಡಿತಕ್ಕೆ ತೊಂದರೆ ಮಾಡುವ ಅಂಶಗಳಿವೆ, ಅದನ್ನು ಮೇಯ್ದ ದನಗಳು ಸತ್ತದ್ದು ದಾಖಲಾಗಿದೆ. ಮಕ್ಕಳಿಗೆ ಬೇಡ. ಬಿಂಬುಳಿ, ಧಾರೆಹುಳಿ ಗಟ್ಟಿರಸ ಖಂಡಿತಾ ಬೇಡ, ಅವೆರಡೂ ಆಕ್ಸಲೇಟಿನ ಗಣಿ. ಕೊಲೆಸ್ಟ್ರಾಲ್‌ಗೆ ಎಂದು ಬಿಂಬುಳಿ ರಸ ಕುಡಿದ ದೊಡ್ಡವರ ಕಿಡ್ನಿ ಕೈಕೊಟ್ಟ ಪ್ರಕರಣಗಳು ಕೇರಳದಿಂದ ವರದಿಯಾಗಿವೆ. ವಿಟಮಿನ್ ಸಿ ಚೀಪುವ ಮಾತ್ರೆಯೂ ಅತಿಯಾದರೆ ದೇಹದಲ್ಲಿ ಆಕ್ಸಲೇಟ್ ಆಗುತ್ತದೆ.

ನಿಂಬೆ ಒಳ್ಳೆಯದು, ಸಿಟ್ರೇಟ್ ಸಿಗುತ್ತದೆ. ಉಪ್ಪಿಲ್ಲದೆ, ಸಕ್ಕರೆ ಕಡಿಮೆ ಹಾಕಿ. ಎಳನೀರೂ ಸರಿ, ಆದರೆ ಕಿಡ್ನಿ ಕುಗ್ಗಿದ ಮಗುವಿಗೆ ಅದರ ಪೊಟ್ಯಾಸಿಯಂ ಆಗದು. ಪಾಲಕ್, ಹರಿವೆಯನ್ನು ಬೇಯಿಸಿ ನೀರು ಬಸಿದು ಮಾಡಿ, ದಿನವೂ ಬೇಡ. ಮೆಂತ್ಯ ಸೊಪ್ಪಿಗೆ ಅಡ್ಡಿಯಿಲ್ಲ. ಟೊಮೆಟೊ, ಸೀಬೆಕಾಯಿಯ ಬೀಜ ಕಲ್ಲಾಗುವುದಿಲ್ಲ. ಬೀಜ ಹೋಗುವುದು ಕರುಳಿಗೆ, ಕಿಡ್ನಿಗಲ್ಲ.

ಮೂರು ಫ್ರೆಂಚ್

ಸರ್ಜರಿ ಕಡೆಯದು ನಾನು ಬರೆಯುತ್ತೇನೆ.

ನೋವಿಗೆ ಮೊದಲ ಔಷಧಿ ಐಬುಪ್ರೊಫೇನ್, ಕೆಜಿಗೆ 10 ಮಿಗ್ರಾಂ: 20 ಕೆಜಿಗೆ 200 ಮಿಗ್ರಾಂ, 100/5 (5 ಮಿಲಿಗೆ 100 ಮಿಗ್ರಾಂ) ಸಿರಪ್ ಆದರೆ 10 ಮಿಲಿ. ಮಗು ವಾಂತಿಯಿಂದ ಬತ್ತಿದ್ದರೆ, ಕ್ರಿಯಾಟಿನಿನ್ ಏರಿದ್ದರೆ ಕೊಡಬಾರದು. ಆಗ ಪ್ಯಾರಸಿಟಮಾಲ್ ಕೆಜಿಗೆ 15, ಅಂದರೆ 300 ಮಿಗ್ರಾಂ. ಇಲ್ಲಿ ಎಚ್ಚರ: 250/5 ಸಿರಪ್ಪಿನಲ್ಲಿ ಅದು 6 ಮಿಲಿ, 120/5ರಲ್ಲಿ 12.5 ಮಿಲಿ. ಡ್ರಿಪ್ ಜೋರಾಗಿ ಬಿಟ್ಟು ಕಲ್ಲನ್ನು ತಳ್ಳುತ್ತೇವೆ ಎಂಬುದು ಹಳೇ ನಂಬಿಕೆ. ಕಟ್ಟಿದ ದಾರಿಯ ಹಿಂದೆ ಒತ್ತಡ ಹೆಚ್ಚಿ ನೋವು ಹೆಚ್ಚುತ್ತದೆ ಅಷ್ಟೆ. ಬತ್ತಿದ ಮಗುವಿಗೆ ಬೇಕಾದಷ್ಟೇ ಡ್ರಿಪ್.

ಯುರೇಟರಿನಲ್ಲಿ 3 ಮಿಮೀ ಒಳಗಿನದು ಹೆಚ್ಚಾಗಿ ಬೀಳುತ್ತದೆ, 5 ಮಿಮೀ ಮೇಲಾದರೆ ಭರವಸೆ ಕಡಿಮೆ. ಸೋಂಕಿಲ್ಲ, ನೋವು ಹತೋಟಿಯಲ್ಲಿದೆ, ಕಿಡ್ನಿ ಕೆಲಸ ಸರಿಯಿದೆ ಎಂದರೆ ಕೆಲವು ವಾರ ಕಾಯಬಹುದು. ಕೆಳ ಯುರೇಟರಿನ ಕಲ್ಲಿಗೆ ಯುರೇಟರನ್ನು ಸಡಿಲಿಸುವ ಟ್ಯಾಮ್ಸುಲೋಸಿನ್ ಬರೆಯುತ್ತಾರೆ, ಪುಟ್ಟ ಮಕ್ಕಳಿಗೆ 0.2, ದೊಡ್ಡ ಮಕ್ಕಳಿಗೆ 0.4 ಮಿಗ್ರಾಂ, ಮಲಗುವಾಗ. ಮಕ್ಕಳಿಗೆ ಇದು ಲೇಬಲ್ಲಿನಲ್ಲಿ ಇಲ್ಲದ ಬಳಕೆ. ಬಿಪಿ ಇಳಿದು ತಲೆ ಸುತ್ತಬಹುದು. ಕಿಡ್ನಿಯೊಳಗೆ ಸುಮ್ಮನೆ ಕೂತಿರುವ ಕಲ್ಲಿಗೆ ಅದರಿಂದ ಏನೂ ಆಗದು.

ತೆಗೆಯುವ ವಿಧಾನ ಗಾತ್ರ, ಜಾಗ, ಗಡಸುತನದ ಮೇಲೆ. 20 ಮಿಮೀ ಒಳಗಿನ ಕಿಡ್ನಿ ಕಲ್ಲಿಗೆ ಹೊರಗಿನಿಂದ ಅಲೆ ಹೊಡೆದು ಪುಡಿಮಾಡುವ ಇಎಸ್‌ಡಬ್ಲ್ಯುಎಲ್ ಮಕ್ಕಳಲ್ಲಿ ದೊಡ್ಡವರಿಗಿಂತ ಚೆನ್ನಾಗಿ ಫಲಿಸುತ್ತದೆ, ಪುಡಿ ಬೇಗ ಜಾರಿಹೋಗುತ್ತದೆ. ಚಿಕ್ಕವರಿಗೆ ಪೂರ್ತಿ ಅನಸ್ತೇಷಿಯಾ ಬೇಕು, ಅಲೆ ತಗಲದಂತೆ ಶ್ವಾಸಕೋಶಕ್ಕೆ ಥರ್ಮೊಕೋಲ್ ಅಥವಾ ಫೋಮಿನ ಅಡ್ಡ ಇಡಬೇಕು. ಸಿಸ್ಟಿನ್ ಕಲ್ಲು ಇದಕ್ಕೆ ಜಗ್ಗುವುದಿಲ್ಲ. ಮೂತ್ರದ ಸೋಂಕು ಇರುವಾಗ, ಕಲ್ಲಿನ ಕೆಳಗೆ ದಾರಿ ಕಿರಿದಾಗಿರುವಾಗ ಮಾಡುವಂತಿಲ್ಲ. ಪುಡಿ ಯುರೇಟರಿನಲ್ಲಿ ಸಾಲಾಗಿ ಸಿಕ್ಕಿಕೊಂಡು ದಾರಿ ಕಟ್ಟುವುದೂ ಉಂಟು, ಹಾಗಾಗಿ ಹೊಡೆಸಿದ ಮೇಲೆ ಸ್ಕ್ಯಾನ್ ತಪ್ಪಿಸಬೇಡಿ.

20 ಮಿಮೀ ದಾಟಿದ್ದಕ್ಕೆ, ಕವಲೊಡೆದ ಕಲ್ಲಿಗೆ ಪಿಸಿಎನ್‌ಎಲ್: ಬೆನ್ನಿನಿಂದ ನೇರ ಕಿಡ್ನಿಗೆ ದಾರಿ. ದೊಡ್ಡವರಿಗೆ 24-30 ಫ್ರೆಂಚ್ ದಾರಿ ಮಾಡುತ್ತಿದ್ದರು (3 ಫ್ರೆಂಚ್ ಎಂದರೆ 1 ಮಿಮೀ ವ್ಯಾಸ). ಮಕ್ಕಳಿಗೆ 14-20ರ ಮಿನಿ, ಅದಕ್ಕಿಂತ ಸಣ್ಣವೂ ಇವೆ. ತೊಳೆಯುವ ದ್ರವ ನಾರ್ಮಲ್ ಸಲೈನೇ ಆಗಬೇಕು, ಬೆಚ್ಚಗಿರಬೇಕು. ಸಾದಾ ನೀರು ರಕ್ತಕ್ಕೆ ಸೇರಿದರೆ ಸೋಡಿಯಂ ಕುಸಿಯುತ್ತದೆ, ತಣ್ಣಗಿದ್ದರೆ 10 ಕೆಜಿ ಮಗುವಿನ ಮೈ ನೋಡನೋಡುತ್ತಾ ತಣಿಯುತ್ತದೆ. ಯುರೇಟರಿನ ಕಲ್ಲಿಗೆ ಮೂತ್ರದ ದಾರಿಯಿಂದಲೇ ತೆಳುವಾದ ದುರ್ಬೀನು ಹಾಕಿ ಲೇಸರ್. ಸಣ್ಣ ಮಕ್ಕಳ ಯುರೇಟರ್ ಮೊದಲ ಸಲ ಒಳಬಿಡದಿದ್ದರೆ ಬಲವಂತ ಮಾಡದೆ ಸ್ಟೆಂಟ್ ಹಾಕಿ ಒಂದೆರಡು ವಾರ ಬಿಟ್ಟರೆ ಅದು ತಾನೇ ಹಿಗ್ಗುತ್ತದೆ. "ಮೊದಲ ಸಲ ಆಗಲಿಲ್ಲ" ಎಂದರೆ ಡಾಕ್ಟರಿಗೆ ಬರುವುದಿಲ್ಲ ಎಂದಲ್ಲ. ಅದೇ ಸರಿಯಾದ ನಿರ್ಧಾರ.

ಕಿಡ್ನಿಯಿಂದ ಯುರೇಟರ್ ಹೊರಡುವ ಜಾಗವೇ ಕಿರಿದಾಗಿದ್ದರೆ (ಪಿಯುಜೆ ತಡೆ) ಕಲ್ಲನ್ನು ಮಾತ್ರ ತೆಗೆದರೆ ಮತ್ತೆ ಬರುತ್ತದೆ. ಪೈಲೋಪ್ಲಾಸ್ಟಿ (ಆ ಕಿರಿದಾದ ಜಾಗ ಸರಿಪಡಿಸುವ ಸರ್ಜರಿ) ಮಾಡುವಾಗಲೇ ಕಲ್ಲನ್ನೂ ತೆಗೆಯಬೇಕು. ಪ್ರೋಟಿಯಸ್‌ನಂಥ ಬ್ಯಾಕ್ಟೀರಿಯಾದಿಂದಾದ ಸ್ಟ್ರುವೈಟ್ ಕಲ್ಲಿನಲ್ಲಿ ಚೂರೂ ಉಳಿಯಬಾರದು. ಬ್ಯಾಕ್ಟೀರಿಯಾ ಕಲ್ಲಿನೊಳಗೇ ಕೂತಿರುತ್ತದೆ, ಆಂಟಿಬಯಾಟಿಕ್ ಅಲ್ಲಿಗೆ ಮುಟ್ಟುವುದಿಲ್ಲ.

ಕೊನೆಗೆ ಸ್ಟೆಂಟ್. ಡಿಸ್ಚಾರ್ಜ್ ಚೀಟಿಯಲ್ಲಿ "ಡಿಜೆ ಸ್ಟೆಂಟ್ ಇದೆ" ಎಂದಿದ್ದರೆ ತೆಗೆಯುವ ತಾರೀಖನ್ನು ಅವತ್ತೇ ಕೇಳಿ ಬರೆಸಿಕೊಳ್ಳಿ. ನೋವಿಲ್ಲ ಅಂತ ಮರೆತರೆ ಸ್ಟೆಂಟ್ ಮೇಲೇ ಕಲ್ಲು ಕಟ್ಟುತ್ತದೆ, ಮೂರು ತಿಂಗಳು ದಾಟಿದಷ್ಟೂ ತೆಗೆಯುವುದು ಕಷ್ಟ. ಸ್ಟೆಂಟ್ ಇರುವಷ್ಟು ದಿನ ಪದೇ ಪದೇ ಒಂದಕ್ಕೆ, ಓಡಾಡಿದಾಗ ಮೂತ್ರ ಕೆಂಪಾಗುವುದು ಸಹಜ, ಜ್ವರ ಸಹಜವಲ್ಲ.

ಲ್ಯಾಬ್ ಮೇಷ್ಟ್ರು

ಮೂತ್ರಕೋಶದ ಕಲ್ಲಿನ ಬಗ್ಗೆ ಯಾರೂ ಬರೆಯಲಿಲ್ಲ. ಐದು ವರ್ಷದೊಳಗಿನ ಗಂಡುಮಕ್ಕಳಲ್ಲಿ, ಬೇರೆ ಯಾವ ದೋಷವೂ ಇಲ್ಲದೆ, ಮೂತ್ರಕೋಶದಲ್ಲಿ ಒಂದೇ ಒಂದು ದೊಡ್ಡ ಕಲ್ಲು: ಇದು ರಾಜಸ್ಥಾನ, ಪಾಕಿಸ್ತಾನ, ಅಫ್ಘಾನಿಸ್ತಾನ, ಈಶಾನ್ಯ ಥಾಯ್ಲೆಂಡಿನ ಹಳೇ ಕಾಯಿಲೆ. 18-19ನೇ ಶತಮಾನದಲ್ಲಿ ಇಂಗ್ಲೆಂಡಿನ ನಾರ್ಫಕ್ ಇದಕ್ಕೇ ಹೆಸರಾಗಿತ್ತು. ಎದೆಹಾಲು ಬಿಡಿಸಿ ಹಾಲು-ಮೊಟ್ಟೆ ಇಲ್ಲದೆ ಬರೀ ಅಕ್ಕಿ, ಗೋಧಿ ಗಂಜಿಯಲ್ಲೇ ಮಗು ಬೆಳೆದಾಗ ಫಾಸ್ಫೇಟ್ ಕಡಿಮೆಯಾಗಿ ಮೂತ್ರದಲ್ಲಿ ಅಮೋನಿಯಾ ಏರುತ್ತದೆ. ಜೊತೆಗೆ ಬಿಸಿಲು, ಭೇದಿ. ಅಮೋನಿಯಂ ಯೂರೇಟ್ ಕಲ್ಲಾಗುತ್ತದೆ. ಊಟ ಸುಧಾರಿಸಿದ ದೇಶಗಳಲ್ಲಿ ಅದು ತಾನಾಗಿ ಮಾಯವಾಯಿತು. ತೆಗೆದ ಮೇಲೆ ಮತ್ತೆ ಬರುವುದು ಅಪರೂಪ, ಕಿಡ್ನಿ ಕಲ್ಲಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಅದು.

2008ರ ಚೀನಾದ ಹಾಲಿನಪುಡಿ ಪ್ರಕರಣವೂ ನೆನಪಿರಲಿ. ಪ್ರೋಟೀನ್ ಹೆಚ್ಚು ತೋರಿಸಲು ಮೆಲಮೈನ್ ಬೆರೆಸಿದರು. ಸುಮಾರು 2,94,000 ಮಕ್ಕಳು ಬಾಧಿತರಾದರು, 6 ಶಿಶುಗಳು ಸತ್ತವು. ಮೆಲಮೈನ್-ಯೂರಿಕ್ ಆಮ್ಲದ ಆ ಕಲ್ಲುಗಳು ಎಕ್ಸ್‌ರೇಗೆ ಕಾಣುತ್ತಿರಲಿಲ್ಲ.

ಬಯಲುಸೀಮೆ

ಒಂದೇ ಪ್ರಶ್ನೆ ಉಳಿಯಿತು. ಒಂದು ಮಗುವಿಗೆ ಕಲ್ಲು ಬಂದರೆ ತಮ್ಮ-ತಂಗಿಗೂ ಪರೀಕ್ಷೆ ಬೇಕೇ?

ನೆಫ್ರಾನ್

ಎಲ್ಲರಿಗೂ ಅಲ್ಲ. ಆದರೆ ಕಲ್ಲು ಐದು ವರ್ಷದೊಳಗೆ ಬಂದಿದ್ದರೆ, ಎರಡೂ ಕಡೆ ಇದ್ದರೆ, ಮತ್ತೆ ಮತ್ತೆ ಬರುತ್ತಿದ್ದರೆ, ಕಿಡ್ನಿಯ ತಿರುಳಲ್ಲೇ ಸುಣ್ಣ ಕೂತಿದ್ದರೆ, ಮಗು ಬೆಳೆಯುತ್ತಿಲ್ಲವಾದರೆ, ಅಥವಾ ಅಪ್ಪ-ಅಮ್ಮ ರಕ್ತಸಂಬಂಧದಲ್ಲಿ (ಸೋದರಮಾವ, ಅತ್ತೆಯ ಮಗ) ಮದುವೆಯಾಗಿದ್ದರೆ ಆನುವಂಶಿಕ ಕಾಯಿಲೆ ಹುಡುಕಬೇಕು. ಅಂಥ ಬಹುಪಾಲು ಕಾಯಿಲೆಗಳಲ್ಲಿ ಪ್ರತಿ ಬಸಿರಿಗೂ ನಾಲ್ಕರಲ್ಲೊಂದು ಪಾಲು ಸಾಧ್ಯತೆ.

ಡಿಸ್ಟಲ್ ಆರ್‌ಟಿಎ (ಕಿಡ್ನಿ ಆಮ್ಲವನ್ನು ಸರಿಯಾಗಿ ಹೊರಹಾಕಲಾರದ ಕಾಯಿಲೆ): ರಕ್ತ ಆಮ್ಲವಾಗಿದ್ದರೂ ಮೂತ್ರದ ಪಿಎಚ್ 5.5ಕ್ಕಿಂತ ಕೆಳಗಿಳಿಯದು, ಪೊಟ್ಯಾಸಿಯಂ ಕಡಿಮೆ, ಕಾಲು ಸೊಟ್ಟ. ಕೆಲವರಿಗೆ ಕಿವಿಯೂ ಕೇಳದು. ಕ್ಷಾರದ ಔಷಧಿ ತಪ್ಪದೆ ಕೊಟ್ಟರೆ ಮಗು ಬೆಳೆಯುತ್ತದೆ; ಎಷ್ಟೋ ಮಕ್ಕಳು "ಪೋಷಕಾಂಶದ ಕೊರತೆ" ಎಂಬ ಹಣೆಪಟ್ಟಿಯಲ್ಲೇ ವರ್ಷ ಕಳೆದಿರುತ್ತಾರೆ. ಸಿಸ್ಟಿನೂರಿಯಾ (ಮೂತ್ರದಲ್ಲಿ ಸಿಸ್ಟಿನ್ ಸೋರುವ ಕಾಯಿಲೆ): ಮೂತ್ರದಲ್ಲಿ ಆರು ಮೂಲೆಯ ಹರಳು; ಚಿಕಿತ್ಸೆಗೆ ತುಂಬ ನೀರು, ರಾತ್ರಿಯೂ, ಮೂತ್ರದ ಪಿಎಚ್ 7ರ ಮೇಲೆ, ಸಾಲದಿದ್ದರೆ ಟಿಯೋಪ್ರೋನಿನ್. ಎಪಿಆರ್‌ಟಿ ಎಂಬ ಕಿಣ್ವದ ಕೊರತೆಯ ಕಲ್ಲು ಯೂರಿಕ್ ಆಮ್ಲದಂತೆಯೇ ಎಕ್ಸ್‌ರೇಗೆ ಕಾಣದು, ಅಲೋಪ್ಯುರಿನಾಲ್‌ನಿಂದ ಹತೋಟಿಗೆ ಬರುತ್ತದೆ. ಎಲ್ಲಕ್ಕಿಂತ ಕಠಿಣ ಪ್ರೈಮರಿ ಹೈಪರ್‌ಆಕ್ಸಲೂರಿಯಾ 1: ಯಕೃತ್ತಿನ ಕಿಣ್ವದ ದೋಷದಿಂದ ಆಕ್ಸಲೇಟ್ ಸುರಿದು ಕಿಡ್ನಿಯೇ ಹೋಗುತ್ತದೆ. ಕೆಲವರಿಗೆ ಪೈರಿಡಾಕ್ಸಿನ್ (ವಿಟಮಿನ್ ಬಿ6) ಹಿಡಿಯುತ್ತದೆ, 2020ರಲ್ಲಿ ಲುಮಾಸಿರಾನ್ ಎಂಬ ಇಂಜೆಕ್ಷನ್ ಬಂದಿದೆ, ಆದರೆ ಬೆಲೆ ಕೈಗೆಟುಕದ್ದು. ಇದನ್ನು ಗುರುತಿಸದೆ ಬರೀ ಕಿಡ್ನಿ ಕಸಿ ಮಾಡಿದರೆ ಹೊಸ ಕಿಡ್ನಿಯೂ ಅದೇ ದಾರಿ ಹಿಡಿಯುತ್ತದೆ.

ಈ ನಾಲ್ಕರಲ್ಲಿ ಯಾವುದಾದರೂ ಖಚಿತವಾದರೆ ಒಡಹುಟ್ಟಿದವರಿಗೆ ನೋವಿಲ್ಲದಿದ್ದರೂ ಅಲ್ಟ್ರಾಸೌಂಡ್, ಆಯಾ ಕಾಯಿಲೆಗೆ ತಕ್ಕ ಮೂತ್ರ, ರಕ್ತದ ಪರೀಕ್ಷೆ, ಜೀನ್ ಬದಲಾವಣೆ ಸಿಕ್ಕಿದ್ದರೆ ಅದರ ಪರೀಕ್ಷೆ. ಬರೀ ಕ್ಯಾಲ್ಸಿಯಂ ಸೋರಿಕೆಯಾಗಿದ್ದರೆ ಅವರ ಬೆಳಗಿನ ಎರಡನೇ ಮೂತ್ರದಲ್ಲಿ ಕ್ಯಾಲ್ಸಿಯಂ-ಕ್ರಿಯಾಟಿನಿನ್ ಅನುಪಾತ ನೋಡಿದರೆ ಸಾಕು. ಕಲ್ಲಿನ ಮಗುವಿಗೆ ಮಾತ್ರ ಮೊದಲ ವರ್ಷ ಮೂರ್ನಾಲ್ಕು ತಿಂಗಳಿಗೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ ಸ್ಕ್ಯಾನ್. ಸಿಟ್ರೇಟ್ ನಡೆಯುತ್ತಿದ್ದರೆ ಜೊತೆಗೆ ಪೊಟ್ಯಾಸಿಯಂ, ಬೈಕಾರ್ಬನೇಟ್, ಮೂತ್ರದ ಪಿಎಚ್. ಪ್ರತಿ ಸಲ ಎತ್ತರ, ತೂಕವನ್ನೂ ಬರೆಸಿ. ತೂಕ ಏರಿದಂತೆ ಡೋಸ್ ಬದಲಾಗಬೇಕು. ಎರಡು ವರ್ಷದ ಹಿಂದಿನ ಚೀಟಿಯಲ್ಲೇ ಸಿರಪ್ ತರುತ್ತಿರುವವರು ಈ ತಿಂಗಳೇ ತೋರಿಸಿಕೊಳ್ಳಿ.